ಚಂದ್ರನೆಂಬ ಮುಳ್ಳು

ನಮ್ಮ ಮನೆಗೆ ಏಕಾದಶಿ ಕೆಲವು ಸಲ ಎರಡು ದಿನ ಬರುತ್ತಿತ್ತು. ಆಯಿಯ ಉಪವಾಸ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿದ್ದ ಪಂಚಾಂಗದ ಪ್ರಕಾರ. ದೊಡ್ಡಾಯಿಯದು ಅವಳ ತವರಿನವರು ಹಿಂದಿನಿಂದ ನಂಬಿಕೊಂಡು ಬಂದ ಇನ್ನೊಂದು ಪಂಚಾಂಗದ ಪ್ರಕಾರ. ಒಬ್ಬಳು ಅವಲಕ್ಕಿ ತಿಂದು ಕಳೆದ ದಿನ ಇನ್ನೊಬ್ಬಳು ಊಟ ಮಾಡುತ್ತಿದ್ದಳು. ಅವರಿಬ್ಬರ ನಡುವೆ ಅದಕ್ಕಾಗಿ ಮಾತು ಬಂದದ್ದಿಲ್ಲ. ಸಮಾಧಾನವಿಲ್ಲದಿದ್ದುದು ನನಗೆ. ಪೂಜೆಗೆ ಬಂದ ಭಟ್ಟರನ್ನು ಹಿಡಿದು ಕೇಳಿದೆ. "ಚಂದ್ರ ಒಬ್ಬನೇ ಮಾಣಿ, ಗಣಿತ ಎರಡು. ಒಂದು ಹಳೇ ಸಿದ್ಧಾಂತದ್ದು. ಇನ್ನೊಂದು ದೃಕ್ ಗಣಿತ, ಆಕಾಶದಲ್ಲಿ ಕಾಣುವ ಚಂದ್ರನಿಗೆ ತಾಳೆ ಹಾಕಿದ್ದು" ಎಂದರು. ಹಾಗಾದರೆ ನಾವೇ ತಾರಸಿ ಹತ್ತಿ ನೋಡಿ ಯಾವುದು ಸರಿ ಎಂದು ಹೇಳಬಹುದಲ್ಲ ಅಂದೆ. ಅವರು ಬಹಳ ಹೊತ್ತು ಯೋಚಿಸಿ, "ಹೇಳಬಹುದು. ಅಳೆಯಲು ಬರಬೇಕು ಅಷ್ಟೇ" ಎಂದರು.

ಅಳೆಯುವುದನ್ನು ಕಲಿಯಲು ನನಗೆ ಐವತ್ತು ವರ್ಷ ಹಿಡಿಯಿತು. ಅದರಲ್ಲಿ ಮೂವತ್ತು ವರ್ಷ ಹಡಗಿನಲ್ಲೇ ಇದ್ದೆ, ಕೋನ ಅಳೆಯುವ ಸೆಕ್ಸ್ಟೆಂಟ್ ಕೈಯಲ್ಲೇ ಇತ್ತು.

1983ರಲ್ಲಿ ಕ್ಯಾಡೆಟ್ ಆಗಿ ಹಡಗು ಹತ್ತಿದಾಗ ಜಿಪಿಎಸ್ ಇನ್ನೂ ನಮ್ಮ ಬ್ರಿಜ್‌ಗೆ ಬಂದಿರಲಿಲ್ಲ. ಬೆಳಗಿನ ಜಾವ ನಕ್ಷತ್ರ, ನಡುಹಗಲು ಸೂರ್ಯ, ಸಂಜೆ ಮತ್ತೆ ನಕ್ಷತ್ರ. ಸೆಕ್ಸ್ಟೆಂಟಿನಲ್ಲಿ ದಿಗಂತದಿಂದ ಅವುಗಳ ಎತ್ತರ ಅಳೆದು, ಆ ಕ್ಷಣದ ಗ್ರೀನಿಚ್ ಸಮಯವನ್ನು ಕ್ರೋನೋಮೀಟರಿನಿಂದ ಓದಿ, ಕೋಷ್ಟಕ ತೆರೆದು ಹಡಗು ಎಲ್ಲಿದೆ ಎಂದು ಹುಡುಕುತ್ತಿದ್ದೆವು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ. ನಮ್ಮ ಕುಮಟಾ ಇರುವುದು 74.4ರಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ಸರಾಸರಿ ಅರ್ಧ ಗಂಟೆ ತಡ. ಆ ಅರ್ಧ ಗಂಟೆಯೇ ರೇಖಾಂಶ. ಊರಿನ ಸಮಯ ಸೂರ್ಯನೇ ಹೇಳುತ್ತಾನೆ. ಗ್ರೀನಿಚ್ಚಿನದು ಯಾರು ಹೇಳಬೇಕು? ಕ್ರೋನೋಮೀಟರ್ ನಿಂತರೆ ಏನು ಮಾಡುವುದು ಎಂದು ಒಂದು ರಾತ್ರಿ ಅರಬ್ಬಿ ಸಮುದ್ರದಲ್ಲಿ ಕ್ಯಾಪ್ಟನ್‌ರನ್ನು ಕೇಳಿದ್ದೆ. ರೇಡಿಯೋ ಇದೆಯಲ್ಲ ಎಂದರು. ಅದೂ ಇಲ್ಲದಿದ್ದರೆ? "ಹಿಂದಿನವರು ಲೂನಾರ್ ತೆಗೆಯುತ್ತಿದ್ದರು. ಈಗ ಯಾರಿಗೂ ಬರುವುದಿಲ್ಲ. ನನಗೂ ಬರುವುದಿಲ್ಲ" ಎಂದರು. ನಮ್ಮ ಪಠ್ಯದಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು, ಬಳಕೆ ತಪ್ಪಿದ ವಿಧಾನ ಎಂದು.

ಆ ಸಾಲಿನ ಒಳಗೆ ಇದ್ದದ್ದು ನಮ್ಮ ಅಡುಗೆಮನೆಯ ಪಂಚಾಂಗವೇ ಎಂದು ಹೊಳೆದಾಗ ನಾನು ಸೆಕೆಂಡ್ ಆಫೀಸರ್ ಆಗಿದ್ದೆ.

ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ ಮುಗಿಯಿತು. ಶುಕ್ಲ ಏಕಾದಶಿ ಎಂದರೆ ಅವರಿಬ್ಬರ ಅಂತರ 120ರಿಂದ 132 ಡಿಗ್ರಿಯ ನಡುವೆ ಇರುವ ಹೊತ್ತು. ಇಂತಿಷ್ಟು ಘಳಿಗೆಯವರೆಗೆ ಏಕಾದಶಿ ಎಂದು ಪಂಚಾಂಗ ಬರೆಯುತ್ತದಲ್ಲ, ಅಂತರ ಸರಿಯಾಗಿ 132 ಆಗುವ ಕ್ಷಣ ಅದು. ಹಾಗೆಯೇ ಚಂದ್ರ ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು 13 ಡಿಗ್ರಿ ನಡೆಯುತ್ತಾನೆ; ನಮ್ಮ ಹಿರಿಯರು ಆಕಾಶವನ್ನು 27 ನಕ್ಷತ್ರಗಳಾಗಿ ಹಂಚಿ ಒಂದೊಂದಕ್ಕೆ 13 ಡಿಗ್ರಿ 20 ಕಲೆ ಕೊಟ್ಟದ್ದು ಅವನ ಒಂದು ದಿನದ ನಡಿಗೆಗೆ ಹೊಂದಿಸಿ. ಆಕಾಶ ಒಂದು ಗಡಿಯಾರ, ನಕ್ಷತ್ರಗಳು ಅದರ ಅಂಕಿ, ಚಂದ್ರ ಅದರ ಮುಳ್ಳು. ಪಂಚಾಂಗ ಸಮಯ ಹೇಳಿ ಅಂತರ ತಿಳಿಸುತ್ತದೆ. ನಾವಿಕ ಅದನ್ನೇ ತಿರುಗಿಸಿದ: ಅಂತರ ಅಳೆದು ಸಮಯ ಓದಿಕೊಂಡ. ತಿಥಿಯ ಅಂತರ ಸೂರ್ಯನ ದಾರಿಯಾದ ಕ್ರಾಂತಿವೃತ್ತದ ಗುಂಟ ಎಣಿಸಿದ್ದು, ನಾವಿಕನದು ಒಂದು ಬಿಂಬದಿಂದ ಇನ್ನೊಂದಕ್ಕೆ ನೇರ ಅಳೆದದ್ದು. ಉಳಿದಂತೆ ತತ್ತ್ವ ಒಂದೇ. ಲೂನಾರ್ ಎಂಬ ಈ ವಿಧಾನ ಯುರೋಪಿನಲ್ಲಿ ಮೊದಲು ಅಚ್ಚಾದದ್ದು 1514ರಲ್ಲಿ, ನ್ಯೂರೆಂಬರ್ಗಿನ ಯೋಹಾನ್ ವೆರ್ನರ್ ಬರೆದ ಪುಸ್ತಕದಲ್ಲಿ. ನಮ್ಮ ಸೂರ್ಯಸಿದ್ಧಾಂತವೂ ಚಂದ್ರನನ್ನೇ ಸಾಕ್ಷಿಗೆ ಕರೆದಿದೆ: ಚಂದ್ರಗ್ರಹಣ ಲೆಕ್ಕದ ಹೊತ್ತಿಗಿಂತ ತಡವಾಗಿ ಕಂಡರೆ ನೀನು ಉಜ್ಜಯಿನಿಯ ರೇಖೆಗಿಂತ ಪೂರ್ವಕ್ಕಿದ್ದೀ, ಮೊದಲೇ ಕಂಡರೆ ಪಶ್ಚಿಮಕ್ಕೆ ಎಂದು. ಆ ವ್ಯತ್ಯಾಸಕ್ಕೆ ಅದು ಇಟ್ಟ ಹೆಸರು ದೇಶಾಂತರ. ಮನೆ ಬಿಟ್ಟು ದೂರ ಹೋದವನನ್ನು ದೇಶಾಂತರ ಹೋದ ಎನ್ನುವ ನಮಗೆ ಈ ಪದ ಕಡಲಿನದೇ ಅನ್ನಿಸಿದರೆ ತಪ್ಪಿಲ್ಲ.

ತತ್ತ್ವ ಇಷ್ಟು ಸರಳವಾದರೂ ಚಂದ್ರನ ನಡಿಗೆ ನಿಧಾನ. ಒಂದು ಕಲೆ, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ, ಸರಿಯಲು ಅವನಿಗೆ ಎರಡು ನಿಮಿಷ ಬೇಕು. ಅಷ್ಟರಲ್ಲಿ ಭೂಮಿ ಅರ್ಧ ಡಿಗ್ರಿ ತಿರುಗಿರುತ್ತದೆ. ನಿಮ್ಮ ಅಳತೆಯಲ್ಲಿ ಒಂದು ಕಲೆ ತಪ್ಪಿದರೆ ಸಮಭಾಜಕದ ಹತ್ತಿರ ಹಡಗು 30 ನಾಟಿಕಲ್ ಮೈಲಿ ತಪ್ಪುತ್ತದೆ. ಪುಸ್ತಕದಲ್ಲಿ ಒಂದು ಕಲೆ ತಪ್ಪಿದ್ದರೂ ಅಷ್ಟೇ. ಆದ್ದರಿಂದ ಈ ವಿದ್ಯೆಗೆ ಇಳಿದವನಿಗೆ ಯಾವ ಪುಸ್ತಕವನ್ನು ನಂಬುವುದು ಎಂಬುದೇ ಮೊದಲ ಪಾಠ.

ನಾನು ಮೊದಲು ನಂಬಿದ್ದು ಹಳೆಯದೆಲ್ಲ ಒಳ್ಳೆಯದು ಎಂಬ ಮಾತನ್ನು. ಮುಂಬೈಯ ಫೋರ್ಟಿನ ಫುಟ್‌ಪಾತಿನಲ್ಲಿ ನೋರಿಯ ನೌಕಾಗಣಿತದ ಹತ್ತೊಂಬತ್ತನೇ ಶತಮಾನದ ಒಂದು ಮುದ್ರಣ ಸಿಕ್ಕಿತು. ಬೆನ್ನು ಕಿತ್ತಿತ್ತು, ಲೂನಾರ್ ಅಧ್ಯಾಯ ಪೂರ್ತಿಯಿತ್ತು. ನಾಲ್ಕು ತಿಂಗಳ ಪ್ರಯಾಣದಲ್ಲಿ ಅದನ್ನೇ ಓದಿದೆ. ಆದರೆ ಉದಾಹರಣೆ ಬಿಡಿಸಲು ಹೋದರೆ ಅರ್ಧದಲ್ಲಿ ದಾರಿ ನಿಂತುಬಿಡುತ್ತಿತ್ತು. ಕಾರಣ, ನಾವಿಕರ ಪಂಚಾಂಗವಾದ ಆ ಕಾಲದ ನಾಟಿಕಲ್ ಆಲ್ಮನಾಕಿನಲ್ಲಿ ಸೂರ್ಯನಿಗೆ, ಆಯ್ದ ನಕ್ಷತ್ರಗಳಿಗೆ ಚಂದ್ರನ ಅಂತರವನ್ನು ಮೂರು ಮೂರು ಗಂಟೆಗೊಮ್ಮೆ ಲೆಕ್ಕ ಹಾಕಿ ಅಚ್ಚು ಹಾಕಿರುತ್ತಿದ್ದರು. ಪುಸ್ತಕ ಆ ಪುಟ ತೆರೆ ಎನ್ನುತ್ತದೆ. ಆ ಪುಟವೇ ಈಗಿಲ್ಲ. ಬ್ರಿಟಿಷ್ ಆಲ್ಮನಾಕ್ 1906ರ ನಂತರ ಅದನ್ನು ಕೈಬಿಟ್ಟಿತು. ಮುಂದೆ ಊರಿಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಆ ಉದಾಹರಣೆಯ ದಿನದ ಚಂದ್ರನನ್ನು ನಾನೇ ಲೆಕ್ಕ ಹಾಕಿದೆ. ಪುಸ್ತಕದ ಚಂದ್ರ ನನ್ನ ಚಂದ್ರನಿಗಿಂತ ಆರು ಡಿಗ್ರಿ ಆಚೆ ಇದ್ದ. ಒಂದು ವಾರ ಊಟ ರುಚಿಸಲಿಲ್ಲ. ಕೊನೆಗೆ ತಿಳಿಯಿತು: 1925ಕ್ಕೆ ಮೊದಲು ಖಗೋಳದವರ ದಿನ ಹುಟ್ಟುತ್ತಿದ್ದದ್ದು ನಡುರಾತ್ರಿಗಲ್ಲ, ನಡುಹಗಲಿಗೆ. ಅವರ 14 ಗಂಟೆ ನಮ್ಮ ಮಧ್ಯಾಹ್ನದ ಎರಡಲ್ಲ, ಮರುದಿನ ಬೆಳಗಿನ ಜಾವದ ಎರಡು. ಹನ್ನೆರಡು ಗಂಟೆಗೆ ಆರು ಡಿಗ್ರಿ ಸರಿಯಾಗಿ ಹೊಂದಿತು. ಇದನ್ನೂ ದಾಟಿ ಇನ್ನೂ ಹಿಂದಿನ ಪುಸ್ತಕಕ್ಕೆ ಹೋದರೆ, 1834ಕ್ಕೆ ಮೊದಲಿನ ಆಲ್ಮನಾಕಿನಲ್ಲಿ ಗಡಿಯಾರದ ಸಮಯವೂ ಇಲ್ಲ, ಸೂರ್ಯನ ನಿಜ ಸಮಯ. ಎರಡರ ನಡುವೆ ಕೆಲವು ತಿಂಗಳು ಕಾಲು ಗಂಟೆ ವ್ಯತ್ಯಾಸ. ಹಳೆಯ ಪುಸ್ತಕ ಸುಳ್ಳು ಹೇಳುವುದಿಲ್ಲ. ತನ್ನ ಓದುಗನಿಗೆ ಗೊತ್ತಿದ್ದ ಸಂಗತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಇನ್ನೊಂದು ಕಷ್ಟದ ಜಾಗ ಲಂಬನ. ಅಘನಾಶಿನಿಯ ದೋಣಿ ದಾಟುವಾಗ ನೋಡಿ, ನೀವು ಕೂತ ಜಾಗ ಸರಿದಂತೆ ಹತ್ತಿರದ ತೆಂಗಿನ ಮರ ಹಿಂದಿನ ಗುಡ್ಡದ ಮೇಲೆ ಜಾರುತ್ತದೆ. ಚಂದ್ರ ನಮಗೆ ಆ ತೆಂಗಿನ ಮರ. ಕೋಷ್ಟಕ ಬರೆದಿರುವುದು ಭೂಮಿಯ ನಡುವಿನಿಂದ ಕಾಣುವ ಚಂದ್ರನಿಗೆ. ನಾವು ನಿಂತಿರುವುದು ಮೇಲೆ. ದಿಗಂತದ ಹತ್ತಿರ ಚಂದ್ರ ಸುಮಾರು ಒಂದು ಡಿಗ್ರಿ ಕೆಳಕ್ಕೆ ಕಾಣುತ್ತಾನೆ. ಅಂತರಕ್ಕೆ ಅದು ಪೂರ್ತಿ ತಟ್ಟಿದರೆ ಎರಡು ಗಂಟೆಯ ನಡಿಗೆ ಅಷ್ಟೂ ತಪ್ಪು. ಗಾಳಿಯ ವಕ್ರೀಭವನ ಬೇರೆ. ಇವನ್ನು ತೊಳೆದು ನಿಜ ಅಂತರ ತೆಗೆಯುವುದಕ್ಕೆ ಇಂಗ್ಲಿಷರು ಕ್ಲಿಯರ್ ಮಾಡುವುದು ಎನ್ನುತ್ತಾರೆ. ಗೋಲತ್ರಿಕೋನದ ಗಣಿತ ಅದು. ಪುಸ್ತಕ ತೂಗುವುದಿದ್ದರೆ ಇಲ್ಲಿ ತೂಗಬೇಕು. ಕಡಲಲ್ಲಿ ರೇಖಾಂಶ ಕಂಡುಹಿಡಿಯುವುದಕ್ಕೆ ಇಟ್ಟಿದ್ದ ಬಹುಮಾನದ ಕಥೆ ಹೇಳುವ ಜನಪ್ರಿಯ ಪುಸ್ತಕಗಳು ಈ ಜಾಗಕ್ಕೆ ಬಂದೊಡನೆ ಲೂನಾರ್ ಬಹಳ ಕಷ್ಟ, ನಾಲ್ಕು ಗಂಟೆ ಲೆಕ್ಕ ಎಂದು ಮುಂದಕ್ಕೆ ಹಾರುತ್ತವೆ. ಗಡಿಯಾರ ಮಾಡಿದ ಜಾನ್ ಹ್ಯಾರಿಸನ್ ನಾಯಕ, ಚಂದ್ರನನ್ನು ನಂಬಿದ ಖಗೋಳಜ್ಞ ನೆವಿಲ್ ಮ್ಯಾಸ್ಕಲೈನ್ ಖಳ. ಹ್ಯಾರಿಸನ್ನನ ಗಡಿಯಾರಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಮ್ಯಾಸ್ಕಲೈನನಿಗೆ ಇದು ಅನ್ಯಾಯ. ಕ್ರೋನೋಮೀಟರ್ ಕೊಳ್ಳಲಾರದ ಹಡಗುಗಳಿಗೆ ಎಷ್ಟೋ ದಶಕ ದಾರಿ ತೋರಿಸಿದ್ದು ಅವನ ಆಲ್ಮನಾಕು.

ನನ್ನ ಕೈ ಹಿಡಿದ ಪುಸ್ತಕಗಳು ಬೇರೆ. ಚಾರ್ಲ್ಸ್ ಕಾಟರ್ 1968ರಲ್ಲಿ ಬರೆದ ನೌಕಾ ಖಗೋಳದ ಇತಿಹಾಸ ಪ್ರತಿಯೊಂದು ವಿಧಾನ ಎಲ್ಲಿಂದ ಬಂತು, ಏಕೆ ಹಾಗೆ ಎಂದು ಚಿತ್ರ ಸಮೇತ ಬಿಡಿಸುತ್ತದೆ. ಜಾನ್ ಲೆಚರ್ 1977ರಲ್ಲಿ ಸಣ್ಣ ದೋಣಿಯವರಿಗಾಗಿ ಬರೆದ ಪುಸ್ತಕದಲ್ಲಿ ಇಂದಿನ ಆಲ್ಮನಾಕಿನಿಂದಲೇ ಲೂನಾರ್ ಬಿಡಿಸುವ ದಾರಿಯಿದೆ. ಬ್ರೂಸ್ ಸ್ಟಾರ್ಕ್ 1990ರ ದಶಕದಲ್ಲಿ ಹೊಸ ಕೋಷ್ಟಕಗಳನ್ನೇ ಮಾಡಿಕೊಟ್ಟರು. ಕೂಡುವುದು, ಕಳೆಯುವುದು ಬಂದರೆ ಸಾಕು. ಚಂದ್ರನನ್ನು ತಾನೇ ಲೆಕ್ಕ ಹಾಕಬೇಕು ಎನ್ನುವವರಿಗೆ ಜೀನ್ ಮೀಯಸ್ 1991ರಲ್ಲಿ ಬರೆದ ಖಗೋಳ ಗಣಿತದ ಪುಸ್ತಕವಿದೆ. ಅಲ್ಲಿ ಸೂತ್ರದ ಜೊತೆಗೆ ಬಿಡಿಸಿದ ಉದಾಹರಣೆಯೂ, ಈ ಲೆಕ್ಕ ಚಂದ್ರನ ರೇಖಾಂಶದಲ್ಲಿ ಸುಮಾರು 10 ವಿಕಲೆಯವರೆಗೆ ತಪ್ಪಬಹುದು ಎಂಬ ಮಾತೂ ಇದೆ. ವಿಕಲೆ ಎಂದರೆ ಕಲೆಯ ಅರವತ್ತನೇ ಒಂದು ಭಾಗ; ಹತ್ತು ವಿಕಲೆ ಎಂದರೆ 20 ಸೆಕೆಂಡು ಸಮಯ. ತನ್ನ ತಪ್ಪಿನ ಅಳತೆಯನ್ನು ತಾನೇ ಬರೆದಿಟ್ಟ ಪುಸ್ತಕವನ್ನು ನಾನು ಕಣ್ಣಿಗೊತ್ತಿಕೊಳ್ಳುತ್ತೇನೆ.

ಒಳ್ಳೆಯ ಕೋಷ್ಟಕವೂ ಕೈ ಕೊಡಬಹುದು. ಜೋಶುವಾ ಸ್ಲೋಕಮ್ 1895ರಿಂದ 1898ರವರೆಗೆ ಸ್ಪ್ರೇ ಎಂಬ ಹಾಯಿದೋಣಿಯಲ್ಲಿ ಒಬ್ಬನೇ ಭೂಮಿ ಸುತ್ತಿದವನು. ಅವನಲ್ಲಿ ಕ್ರೋನೋಮೀಟರ್ ಇರಲಿಲ್ಲ, ಒಂದು ಅಗ್ಗದ ತಗಡಿನ ಗಡಿಯಾರವಿತ್ತು. ಪೆಸಿಫಿಕ್ಕಿನಲ್ಲಿ ಹ್ವಾನ್ ಫರ್ನಾಂಡಿಸ್ ದ್ವೀಪ ಬಿಟ್ಟು 43ನೇ ದಿನ, ಮಾರ್ಕೆಸಸ್ ದ್ವೀಪಗಳ ಹತ್ತಿರ, ಅವನು ಲೂನಾರ್ ತೆಗೆದ. ಲೆಕ್ಕ ಅವನ ಅಂದಾಜಿಗಿಂತ ನೂರಾರು ಮೈಲಿ ಪಶ್ಚಿಮಕ್ಕೆ ಒಯ್ದಿತು. ಮತ್ತೆ ಅಳೆದ, ಮತ್ತೆ ಅದೇ ಉತ್ತರ. ಅವನು ತನ್ನ ಕಣ್ಣನ್ನು ಬಿಟ್ಟುಕೊಡಲಿಲ್ಲ. ಕೋಷ್ಟಕದ ಒಳಗೆ ಕೂತು ಹುಡುಕಿ, ಲಾಗರಿದಮ್ಮಿನ ಅಂಕಿಗಳಲ್ಲೇ ತಪ್ಪು ಹಿಡಿದ. ಸರಿಪಡಿಸಿ ಬಿಡಿಸಿದರೆ ಅಂದಾಜು, ಲೂನಾರ್ ಎರಡೂ ಐದು ಮೈಲಿಯೊಳಗೆ ಕೂಡಿದವು. ಸುತ್ತ ಕಣ್ಣು ಹಾಯುವಷ್ಟೂ ನೀರು, ಕೇಳಲು ಇನ್ನೊಬ್ಬನಿಲ್ಲ. ಆಗ ಅಚ್ಚಿನ ಪುಸ್ತಕವನ್ನು ತಪ್ಪು ಎನ್ನಲು ಎಂಥ ಗಟ್ಟಿ ಮನಸ್ಸು ಬೇಕು! ನನಗೆ ಅವನ ಇಡೀ ಪ್ರಯಾಣದಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಆ ದಿನ.

ಅಚ್ಚಿನಲ್ಲಿ ತಪ್ಪು ಉಳಿಯಬಾರದೆಂದು ಮ್ಯಾಸ್ಕಲೈನ್ ಮಾಡಿದ ಏರ್ಪಾಡನ್ನು ಎಷ್ಟು ಸಲ ಓದಿದರೂ ನನಗೆ ಸಾಕಾಗುವುದಿಲ್ಲ. ಅವನ ಕೈಗೆ ಬಂದದ್ದು ಗೊಟ್ಟಿಂಗೆನ್ನಿನ ತೋಬಿಯಾಸ್ ಮಾಯರ್ ತಯಾರಿಸಿದ ಚಂದ್ರನ ಕೋಷ್ಟಕ. ಮಾಯರ್ 1762ರಲ್ಲಿ, 39ನೇ ವಯಸ್ಸಿಗೇ ತೀರಿಕೊಂಡ. 1765ರಲ್ಲಿ ಅವನ ಹೆಂಡತಿಗೆ 3,000 ಪೌಂಡ್ ಬಹುಮಾನ ಸಂದಿತು. ಆ ಕೋಷ್ಟಕದಿಂದ ವರ್ಷದ ಪ್ರತಿದಿನದ ಅಂತರ ಹೊರಡಿಸಬೇಕು, ಮೂರು ಗಂಟೆಗೊಮ್ಮೆ. ಮೊದಲ ಆಲ್ಮನಾಕ್ 1767ನೇ ವರ್ಷದ್ದು. ಮ್ಯಾಸ್ಕಲೈನ್ ದೇಶದ ಬೇರೆ ಬೇರೆ ಊರುಗಳಲ್ಲಿದ್ದ ಗಣಕರಿಗೆ ಕೆಲಸ ಹಂಚಿದ. ಗಣಕ ಎಂದರೆ ಆಗ ಮನುಷ್ಯ, ನಮ್ಮ ಪಂಚಾಂಗದ ಗಣಕನ ಹಾಗೆ. ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಮಾಡಬೇಕು, ಒಬ್ಬರದನ್ನು ಒಬ್ಬರು ನೋಡಬಾರದು, ಮೂರನೆಯವರು ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಒಮ್ಮೆ ಇಬ್ಬರು ನೋಡಿ ಬರೆದದ್ದು ಗೊತ್ತಾಗಿ ಕೆಲಸ ಹೋಯಿತು. ಶ್ರಾಪ್‌ಶೈರಿನ ಲಡ್ಲೋ ಎಂಬ ಊರಿನಲ್ಲಿ ಜಾನ್ ಎಡ್ವರ್ಡ್ಸ್ ಹೆಸರಿನಲ್ಲಿ ಲೆಕ್ಕ ಬರುತ್ತಿತ್ತು. 1784ರಲ್ಲಿ ಅವನು ತೀರಿಕೊಂಡ ಮೇಲೆ ತಿಳಿಯಿತು, ಹೆಚ್ಚಿನ ಲೆಕ್ಕ ಮಾಡುತ್ತಿದ್ದವಳು ಹೆಂಡತಿ ಮೇರಿ. ಮ್ಯಾಸ್ಕಲೈನ್ ಕೆಲಸವನ್ನು ಅವಳ ಹೆಸರಿಗೇ ಕೊಟ್ಟ. ಸಾಯುವವರೆಗೆ ಅವಳು ಮಾಡಿದಳು, ಆಮೇಲೆ ಮಗಳು ಎಲೈಜಾ. ಹಿಂದೂ ಮಹಾಸಾಗರ ದಾಟುತ್ತಿದ್ದ ಹಡಗುಗಳು ಒಳನಾಡಿನ ಒಂದು ಮನೆಯ ಮೇಜಿನ ಮೇಲೆ ಹೆಂಗಸೊಬ್ಬಳು ಕೂಡಿ ಕಳೆದ ಅಂಕಿಯನ್ನು ನಂಬಿ ನಡೆಯುತ್ತಿದ್ದವು.

ನಿವೃತ್ತಿಯಾದ ಮೇಲೆ ಸ್ವಂತಕ್ಕೆ ಒಂದು ಸೆಕ್ಸ್ಟೆಂಟ್ ಕೊಂಡೆ. ಚೋರ್ ಬಜಾರಿನಲ್ಲಿ ಹೊಳೆಯುವ ಹಿತ್ತಾಳೆಯವು ಸಿಗುತ್ತವೆ, ಅವು ಷೋಕೇಸಿಗೆ. ಲೂನಾರ್‌ಗೆ ಕಲೆಯ ಹತ್ತನೇ ಒಂದು ಭಾಗ ಓದುವ ಉಪಕರಣ ಬೇಕು. ಕಲಿಯಲು ಕಡಲೂ ಬೇಡ, ದಿಗಂತವೂ ಬೇಡ. ಇದನ್ನು ಯಾವ ಪುಸ್ತಕವೂ ಮೊದಲ ಪುಟದಲ್ಲಿ ಹೇಳದಿರುವುದು ನನಗೆ ಬೇಸರದ ಸಂಗತಿ. ನಿಂತ ಜಾಗ ಗೊತ್ತಿದ್ದರೆ ಚಂದ್ರ ಸೂರ್ಯರ ಎತ್ತರವನ್ನು ಲೆಕ್ಕದಿಂದಲೇ ತೆಗೆಯಬಹುದು. ಅಳೆಯಬೇಕಾದ್ದು ಅಂತರ ಒಂದೇ. ಬಂದ ಸಮಯವನ್ನು ಮೊಬೈಲಿನ ಗಡಿಯಾರದ ಜೊತೆ ಇಟ್ಟು ನೋಡಿದರೆ ನಿಮ್ಮ ಕಣ್ಣು, ನಿಮ್ಮ ಪುಸ್ತಕ ಎರಡೂ ಪರೀಕ್ಷೆಗೆ ಕೂತವು.

ಮಾರ್ಗಶಿರದ ಸಪ್ತಮಿ, ಸಂಜೆ ನಾಲ್ಕು. ಸೂರ್ಯ ಕಡಲ ಕಡೆಗೆ ಇಳಿದಿದ್ದ. ಅರ್ಧ ಚಂದ್ರ ಆಗ್ನೇಯದಲ್ಲಿ, ತೊಳೆದ ಅವಲಕ್ಕಿಯ ಬಣ್ಣದಲ್ಲಿ. ಸೆಕ್ಸ್ಟೆಂಟನ್ನು ಮಲಗಿಸಿ ಹಿಡಿದು ದುರ್ಬೀನಿನಲ್ಲಿ ಚಂದ್ರನನ್ನು ನೇರ ನೋಡುತ್ತ, ಕಪ್ಪು ಗಾಜುಗಳ ಹಿಂದಿನಿಂದ ಸೂರ್ಯನನ್ನು ಕನ್ನಡಿಯಲ್ಲಿ ಎಳೆದು ತಂದೆ. ಹಸಿರು ಬಿಲ್ಲೆಯಂಥ ಸೂರ್ಯ ತೇಲುತ್ತ ಬಂದು ಚಂದ್ರನ ಬೆಳಗಿದ ಅಂಚಿನ ಪಕ್ಕ ನಿಂತ. ಮುಂಗೈ ಸ್ವಲ್ಪ ತೂಗಿದರೆ ಅವನು ಚಂದ್ರನ ಅಂಚಿನ ಗುಂಟ ಓಲಾಡುತ್ತಾನೆ; ಆ ಓಲಾಟದ ತುದಿಯಲ್ಲಿ ಎರಡು ಅಂಚುಗಳು ಬರೀ ಮುಟ್ಟಬೇಕು, ಒತ್ತಬಾರದು. ನೂಲಿನೆಳೆಯಷ್ಟು ಸಂದಿ ಉಳಿದರೂ ತಪ್ಪು. ಮುಟ್ಟಿಸಿ, ಹಾಗೇ ಹಿಡಿದು ಕಾದೆ. ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ನಡುವೆ ತೆಳ್ಳಗೆ ಒಂದು ಸಂದಿ ತೆರೆದುಕೊಂಡಿತು. ನಾನು ಏನನ್ನೂ ತಿರುಗಿಸಿರಲಿಲ್ಲ. ಚಂದ್ರ ನಡೆದಿದ್ದ. ಮೂವತ್ತು ವರ್ಷ ಅವನ ಕೆಳಗೆ ಓಡಾಡಿದವನು ಅವನ ಹೆಜ್ಜೆಯನ್ನು ಕಣ್ಣಾರೆ ಕಂಡದ್ದು ಆವತ್ತು.

ಐದು ಅಳತೆಗಳ ಸರಾಸರಿ ಹಿಡಿದು ಬಿಡಿಸಿದೆ. ಸಮಯ ಆರು ನಿಮಿಷ ಹಿಂದೆ ಬಂತು. ಆರು ನಿಮಿಷ ಎಂದರೆ ಒಂದೂವರೆ ಡಿಗ್ರಿ. ಕುಮಟಾದ ತಾರಸಿಯ ಮೇಲೆ ನಿಂತವನು ಲೆಕ್ಕದಲ್ಲಿ ದಾವಣಗೆರೆಯಲ್ಲಿದ್ದೆ. ಸ್ಲೋಕಮ್ಮನ ನೆನಪಾಗಿ ಕೋಷ್ಟಕಗಳನ್ನು ಜಾಲಾಡಿದೆ. ಎರಡು ವಾರ ಪುಸ್ತಕಗಳನ್ನೇ ಅನುಮಾನಿಸಿದೆ. ತಪ್ಪು ಅಲ್ಲಿರಲಿಲ್ಲ. ಪ್ರತಿ ಸೆಕ್ಸ್ಟೆಂಟಿಗೂ ಸೊನ್ನೆಯಲ್ಲಿ ಚೂರು ದೋಷವಿರುತ್ತದೆ. ಹಡಗಿನಲ್ಲಿ ನಾನು ಬಳಸುತ್ತಿದ್ದವಕ್ಕೆಲ್ಲ ಅದನ್ನು ಕಳೆಯಬೇಕಿತ್ತು, ಕೈಗೆ ಅದೇ ರೂಢಿ. ಹೊಸದರ ದೋಷ ಸೊನ್ನೆಯ ಇನ್ನೊಂದು ಬದಿಗೆ, ಒಂದೂವರೆ ಕಲೆ, ಕೂಡಿಸಬೇಕಿತ್ತು. ಕಳೆದದ್ದರಿಂದ ಮೂರು ಕಲೆ ತಪ್ಪಿತು. ಅದನ್ನು ಸರಿಪಡಿಸಿದ ಮೇಲೆ ನಾಲ್ಕೂ ಪುಸ್ತಕಗಳು ಒಂದೇ ಮಾತು ಹೇಳಿದವು.

ಈಗ ನಾನು ಒಬ್ಬನೇ ಬಿಡಿಸುವುದಿಲ್ಲ. ತಮ್ಮನ ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಾಳೆ. ನಾನು "ಈಗ" ಎಂದಾಗ ಸೆಕೆಂಡ್ ಓದಿ ಬರೆದುಕೊಳ್ಳುವುದು ಅವಳ ಕೆಲಸವಾಗಿತ್ತು. ಒಂದು ದಿನ "ದೊಡ್ಡಪ್ಪ, ಲೆಕ್ಕ ನಾನೂ ಮಾಡ್ತೆ" ಎಂದಳು. ಮಾಡು, ಆದರೆ ನನ್ನ ಹಾಳೆ ನೋಡಬೇಡ ಎಂದೆ. ನಾನು ಸ್ಟಾರ್ಕ್ ಕೋಷ್ಟಕ ಹಿಡಿದು ಜಗುಲಿಯಲ್ಲಿ ಕೂತೆ, ಅವಳು ಕ್ಯಾಲ್ಕುಲೇಟರ್ ಹಿಡಿದು ಒಳಗೆ. ಮುಕ್ಕಾಲು ಗಂಟೆಯ ಮೇಲೆ ಎರಡೂ ಹಾಳೆಗಳನ್ನು ಪಕ್ಕದಲ್ಲಿಟ್ಟೆವು. ಅವಳ ಸಮಯ ಗಡಿಯಾರಕ್ಕೆ 48 ಸೆಕೆಂಡ್ ವ್ಯತ್ಯಾಸ, ಹನ್ನೊಂದೂವರೆ ನಾಟಿಕಲ್ ಮೈಲಿಯ ತಪ್ಪು. ನನ್ನದು 72 ಸೆಕೆಂಡ್. ಒಂದೇ ಅಳತೆಯಿಂದ ಎರಡು ಉತ್ತರ ಬರುವ ಹಾಗಿಲ್ಲ. ಸಾಲು ಸಾಲಾಗಿ ಬೆರಳಿಟ್ಟು ಬಂದಳು. ಅಂಚಿನಿಂದ ನಡುವಿಗೆ ಹೋಗಲು ಕೂಡಿಸುವ ಚಂದ್ರನ ಬಿಂಬಾರ್ಧದ ಹತ್ತಿರ ಬೆರಳು ನಿಂತಿತು. "ಇದು ನಿನ್ನೆಯದ್ದು ದೊಡ್ಡಪ್ಪ." ಆಲ್ಮನಾಕಿನ ಒಂದೇ ಪುಟದಲ್ಲಿ ಮೂರು ದಿನದ ಬಿಂಬಾರ್ಧ ಒತ್ತೊತ್ತಾಗಿ ಅಚ್ಚಾಗಿರುತ್ತದೆ. ನಾನು ಪಕ್ಕದ ದಿನದ್ದನ್ನು ಎತ್ತಿಕೊಂಡಿದ್ದೆ, 0.2 ಕಲೆ ಹೆಚ್ಚು. ಆ ಅಂಕಿಯ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಅವಳದನ್ನು ಬರೆದೆ.